ಬಾಪುವಿನ ಹೊರಗಿನ ಹೆಸರು

ಚಿರಂಜೀವಿ ಮಂಜರಿಗೆ,

ಅನೇಕ ಆಶೀರ್ವಾದಗಳು. ರೂಢಿಯಂತೆ ಕೈ ‘ಚಿ. ಸೌ.’ ಎಂದು ಶುರುಮಾಡಿಬಿಟ್ಟಿತ್ತು. ಆ ಹಾಳೆ ಹರಿದು ಇದನ್ನು ತೆಗೆದುಕೊಂಡಿದ್ದೇನೆ. ಒಂದೇ ಮನೆಯಲ್ಲಿದ್ದು ಪತ್ರ ಬರೆಯುವುದೇನು ಎಂದು ನೀನು ಹುಬ್ಬು ಗಂಟಿಕ್ಕುತ್ತೀ, ಗೊತ್ತು. ಎದುರಿಗೆ ಹೇಳಲು ನಾಲ್ಕು ತಿಂಗಳಿಂದ ನೋಡಿದೆ, ಬಾಯಿ ಬರಲಿಲ್ಲ. ನೀನು ಶಮಂತನನ್ನು ಕರೆದುಕೊಂಡು ಹಿಂಜವಾಡಿಗೆ, ನಿನ್ನ ಅಣ್ಣ ರಾಜೀವನ ಮನೆಗೆ ಹೋಗಿದ್ದೀ. ಆಸ್ಪತ್ರೆಯ ಮೇಲಿನ ದೂರಿನ ನಾಳೆಯ ವಿಚಾರಣೆಗೆ ಕಾಗದಗಳನ್ನು ಇನ್ನೊಮ್ಮೆ ನೋಡಬೇಕು ಎಂದು ನೀನು ಹೇಳಿದ್ದೆ. ನೀವು ಮಗರಪಟ್ಟಾದ ಮನೆಗೆ ಮರಳುವಷ್ಟರಲ್ಲಿ ಇದನ್ನು ಮುಗಿಸಿ ಊಟದ ಟೇಬಲ್ಲಿನ ಮೇಲೆ ಇಡಬೇಕು. ಇಟ್ಟು ನನ್ನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಳ್ಳುವವಳಿದ್ದೇನೆ. ಅಷ್ಟು ಪುಕ್ಕಲು ನಾನು.

ಸುತ್ತಿ ಬಳಸುವುದಿಲ್ಲ. ಆಸ್ಪತ್ರೆಯ ಆ ಹುಡುಗಿ, ಹರ್ಷದಾ, ಮನೆಗೆ ಫೋನು ಮಾಡಿದ್ದೆ ಎಂದು ಸುಳ್ಳು ಹೇಳುತ್ತಿದ್ದಾಳೆ ಎಂದು ನಾಳೆ ನೀನು ಹೇಳಲಿದ್ದೀ. ಆಕೆ ಸುಳ್ಳು ಹೇಳುತ್ತಿಲ್ಲ. ಫೋನು ಬಂದಿತ್ತು. ಎತ್ತಿದವಳು ನಾನು.

ಈಗ ನೀನು ಕೂತುಕೋ. ಹೇಗಾಯಿತು ಎಂದು ಹೇಳುತ್ತೇನೆ. ಕ್ಷಮೆ ಬೇಡಲು ಹೇಳುತ್ತಿಲ್ಲ. ನೀನು ಧಾರವಾಡದ ಹುಡುಗಿಯಾದರೂ ನಿಮ್ಮ ಮನೆಯಲ್ಲಿ ಹೆಸರಿನ ಕಟ್ಟುಪಾಡುಗಳೆಲ್ಲ ನಿನ್ನ ಅಜ್ಜಿಯ ಕಾಲಕ್ಕೇ ಬಿಟ್ಟುಹೋಗಿದ್ದವು. ಹೇಳದೆ ಹೋದರೆ ನಿನಗೆ ಇದು ತಿಳಿಯುವುದೇ ಇಲ್ಲ.

ಮುದ್ದಿನ ಹೆಸರುಗಳು ಮುದ್ದಿನಿಂದ ಹುಟ್ಟುತ್ತವೆ ಎಂದು ನೀವು ತಿಳಿದಿದ್ದೀರಿ. ಕೆಲವು ಹಾಗೂ ಹುಟ್ಟುತ್ತವೆ. ಆದರೆ ನಮ್ಮ ಕಡೆಯ ಅರ್ಧ ಹೆಸರು ಹುಟ್ಟಿದ್ದು ಅಂಜಿಕೆಯಿಂದ. ನನ್ನನ್ನೇ ತಗೋ. ನನಗಿಂತ ಮೊದಲು ಹುಟ್ಟಿದ ಎರಡು ಕೂಸು ಉಳಿಯಲಿಲ್ಲ. ಹಾಗಾಗಿ ತವರಿನಲ್ಲಿ ನನ್ನನ್ನು ಗುಂಡಕ್ಕ ಅಂದರು. ಗುಂಡುಕಲ್ಲನ್ನು ಯಮ ಯಾಕೆ ಹೊತ್ತುಕೊಂಡು ಹೋದಾನು ಎಂಬ ಲೆಕ್ಕ. ಮದುವೆಯಲ್ಲಿ ತಾಟಿನೊಳಗೆ ಅಕ್ಕಿ ಹರವಿ, ಉಂಗುರದಿಂದ ಹೊಸ ಹೆಸರು ಬರೆಸಿದರು, ರಂಗೂಬಾಯಿ ಆದೆ. ನಿನ್ನ ಮದುವೆಯಲ್ಲೂ ಅಕ್ಕಿ ತಂದಿಟ್ಟಿದ್ದೆ. ‘ನನ್ನ ಹೆಸರು ಚಂದ ಅದ, ಇರಲಿ ಬಿಡ್ರಿ’ ಅಂತ ನೀನು ನಗುತ್ತಲೇ ತಾಟು ಸರಿಸಿದೆ. ಆ ತಾಟಿನ ಸಿಟ್ಟು ನನ್ನ ಹೊಟ್ಟೆಯಲ್ಲಿ ಎರಡು ವರ್ಷ ಇತ್ತು ಎಂದು ಇವತ್ತು ಒಪ್ಪಿಕೊಳ್ಳುತ್ತೇನೆ.

ನಾನು ಕಲಿಸುತ್ತಿದ್ದ ಶಾಲೆಯಲ್ಲಿ ನನ್ನ ತರಗತಿಗೆ ಸಾಕವ್ವ ಅಂತ ಒಬ್ಬಳಿದ್ದಳು, ಐದನೆಯ ಹೆಣ್ಣು. ಮಾಂತು ಅಂತ ಒಬ್ಬನಿದ್ದ. ಅವನಿಗೆ ಇಟ್ಟದ್ದು ಅಜ್ಜನ ಹೆಸರು ಮಹಾಂತಪ್ಪ, ಆದರೆ ಅವನ ತಾಯಿ ಮಾವನ ಹೆಸರು ಬಾಯಲ್ಲಿ ತರುವಂತಿಲ್ಲ. ಅದಕ್ಕೇ ಅರ್ಧ ಮುರಿದು ಮಾಂತು ಮಾಡಿಕೊಂಡಿದ್ದಳು. ನಮ್ಮ ಅತ್ತೆ ಅಷ್ಟಕ್ಕೂ ಒಪ್ಪುವವರಾಗಿರಲಿಲ್ಲ.

ನಿನ್ನ ಗಂಡನನ್ನು ತೊಟ್ಟಿಲಿಗೆ ಹಾಕಿದ ದಿನ ಮಾವನವರ ಹೆಸರನ್ನೇ ಇಟ್ಟರು. ಹಿರೇ ಮೊಮ್ಮಗ, ಅದು ಸರಿಯೇ. ಎಲ್ಲರೂ ಕಿವಿಯಲ್ಲಿ ಹೆಸರು ಹೇಳಿದ ಮೇಲೆ ಅತ್ತೆ ನನ್ನ ಹತ್ತಿರ ಬಂದು, ‘ನೀ ಮಾತ್ರ ಹಿರಿಯರ ಹೆಸರು ಬಾಯಾಗ ತರಬ್ಯಾಡ. ಬಾಪು ಅನ್ನು’ ಅಂದರು. ಬಾಪು ಅಂದರೆ ಅಪ್ಪ. ಮೂರು ಸೇರು ತೂಗುವ ಕೂಸನ್ನು ಅಪ್ಪಾ ಎಂದು ಕರೆಯುತ್ತ ಹಾಲು ಕುಡಿಸಿದವಳು ನಾನು. ಗಂಡನ ಹೆಸರನ್ನಾದರೂ ಒಡಪಿನ ಪದ್ಯದಲ್ಲಿಟ್ಟು ಹೇಳಬಹುದು. ಮಾವನ ಹೆಸರಿಗೆ ಆ ಸಂದಿಯೂ ಇಲ್ಲ. ಪುಂಡಾಟ ಮಾಡಿದಾಗ ಬಾಪ್ಯಾ ಎಂದು ಬೈಯಲು ಮಾತ್ರ ಪರವಾನಗಿ ಇತ್ತು.

ಅತ್ತೆ ಹೋದರು, ಮಾವನವರು ಹೋದರು, ನನ್ನ ಯಜಮಾನರೂ ಹೋದರು. ನನ್ನ ನಾಲಿಗೆ ಮಾತ್ರ ಅಲ್ಲೇ ನಿಂತಿತ್ತು. ಬಾಪು ನನ್ನನ್ನು ಕಾಡುತ್ತಿದ್ದ, ನೀನೂ ಕೇಳಿದ್ದೀ. ‘ಅವ್ವಾ, ಒಮ್ಮೆ ನನ್ನ ಹೆಸರು ಹೇಳಿ ಕರಿ, ಐಸ್‌ಕ್ರೀಂ ಹಾಕಿದ್ದ ಮಸ್ತಾನಿ ಕುಡಸ್ತೀನಿ’ ಅನ್ನುತ್ತಿದ್ದ. ನಲವತ್ತು ದಾಟಿದ ಗಂಡಸು. ನಾನು ಸೌಟು ತೋರಿಸುತ್ತಿದ್ದೆ. ನೀನು ಅಡುಗೆಮನೆಯಿಂದ ಪಡಸಾಲೆಯವರೆಗೆ ಕೇಳುವಂತೆ ‘ಶ್ಯಾಮ್’ ಅಂತ ಕೂಗಿದರೆ ನನಗೆ ಮೈ ಜುಮ್ಮೆನ್ನುತ್ತಿತ್ತು. ಮೂಗು ಮುರಿಯುತ್ತಿದ್ದೆ. ನಿಮ್ಮ ಮಗನಿಗೆ ಒಳಗೂ ಹೊರಗೂ ಒಂದೇ ಹೆಸರು, ಶಮಂತ್ ಅಂತ ನೀನು ಹೇಳಿದಾಗ, ಇವರಿಗೆ ಲಾಲನೆಯೇ ಗೊತ್ತಿಲ್ಲ ಎಂದು ನೆರೆಯ ವಿಶಾಲಮ್ಮನ ಹತ್ತಿರ ಆಡಿಕೊಂಡಿದ್ದೆ.

ಈಗ ಬಾಪುವಿನ ಗಾಡಿಗೆ ಅಪಘಾತವಾದ ಆ ಬುಧವಾರ. ಮನೆಯ ಲ್ಯಾಂಡ್‌ಲೈನು ಇವತ್ತಿಗೂ ಮಾವನವರ ಹೆಸರಿನಲ್ಲಿದೆ. ಬದಲಿಸಬೇಕು, ಬದಲಿಸಬೇಕು ಎಂದು ಬಾಪು ಹನ್ನೆರಡು ವರ್ಷ ತಳ್ಳಿದ. ಅದಕ್ಕೆ ಬರುವ ಫೋನುಗಳೆಲ್ಲ ಅವರಿಗೇ. ಬ್ಯಾಂಕಿನವರು, ವಿಮೆಯವರು, ನೀರು ಶುದ್ಧ ಮಾಡುವ ಯಂತ್ರ ಮಾರುವವರು. ಎಲ್ಲರೂ ಮಾವನವರ ಹೆಸರು ಹೇಳಿ ಇದ್ದಾರಾ ಎಂದು ಕೇಳುತ್ತಾರೆ. ನಾನು ‘ತೇ ವಾರಲೇ, ಬಾರಾ ವರ್ಷಂ ಝಾಲೀ’ ಅನ್ನುತ್ತೇನೆ. ಅವರು ತೀರಿಕೊಂಡು ಹನ್ನೆರಡು ವರ್ಷವಾಯಿತು. ಹೇಳಿ ಹೇಳಿ ಅದೊಂದು ಪಾಠದ ಹಾಗೆ ಬಾಯಿಗೆ ಬಂದುಬಿಟ್ಟಿತ್ತು.

ಎರಡು ಗಂಟೆಯ ಹೊತ್ತಿಗೆ ಫೋನು ಬಡಿದುಕೊಂಡಿತು. ಮೆಂತೆ ಸೋಸುತ್ತಿದ್ದೆ. ಕೈ ಒರೆಸಿಕೊಂಡು ಎದ್ದು ಹೋದೆ. ಒಬ್ಬ ಹುಡುಗಿ ಅವಸರದಲ್ಲಿ, ‘ಶ್ಯಾಮ ತಡಕೋಡ ಯಾಂಚಂ ಘರ ಕಾ?’ ಅಂದಳು. ಅವರ ಮನೆಯೇನು ಎಂದು ಕೇಳಿದಳು, ಅಷ್ಟೇ. ನನ್ನ ಕಣ್ಣ ಮುಂದೆ ಬಂದದ್ದು ಮಾವನವರು, ಅವರ ಕರೀ ಟೊಪ್ಪಿಗೆ. ನನ್ನ ಮಗ ನನ್ನ ತಲೆಯಲ್ಲಿ ಆ ಹೆಸರಿನಿಂದ ಇರಲೇ ಇಲ್ಲ, ಮಂಜರಿ. ನಲವತ್ತನಾಲ್ಕು ವರ್ಷದಲ್ಲಿ ಒಂದು ದಿನವೂ ಇರಲಿಲ್ಲ. ತೀರಿಕೊಂಡು ಹನ್ನೆರಡು ವರ್ಷವಾಯಿತು ಎಂದು ಹೇಳಿ ಇಟ್ಟುಬಿಟ್ಟೆ.

ಅದು ಮತ್ತೆ ಬಡಿದುಕೊಂಡಿತು. ಸತ್ತವರನ್ನೂ ಬಿಡುವುದಿಲ್ಲವಲ್ಲ ಇವರು ಎಂದು ಬೈದು, ರಿಸೀವರು ಎತ್ತಿ ಪಕ್ಕಕ್ಕಿಟ್ಟು ಮಲಗಿದೆ. ನನಗೆ ಒಳ್ಳೆಯ ನಿದ್ದೆ ಬಂತು. ಇದನ್ನು ಬರೆಯದೆ ಬಿಟ್ಟಿದ್ದರೆ ನಿನಗೆ ತಿಳಿಯುತ್ತಿರಲಿಲ್ಲ, ಆದರೂ ಬರೆಯುತ್ತಿದ್ದೇನೆ.

ಅವನು ನಾಲ್ಕೂ ಇಪ್ಪತ್ತಕ್ಕೆ ಹೋದ. ಗಾಡಿಯ ನಂಬರು ಹಿಡಿದು ಪೊಲೀಸರು ನಮ್ಮ ಬಾಗಿಲಿಗೆ ಬಂದಾಗ ಏಳು ಗಂಟೆ. ಖರಾಡಿಯ ನಿನ್ನ ಆಫೀಸಿನಿಂದ ಆ ಆಸ್ಪತ್ರೆಗೆ ಇಪ್ಪತ್ತು ನಿಮಿಷದ ದಾರಿ. ಆ ಫೋನಿನ ಸುದ್ದಿ ನಿನಗೆ ಮುಟ್ಟಿಸಿದ್ದರೆ ಎರಡೂವರೆಗೆ ಅವನ ಪಕ್ಕದಲ್ಲಿರುತ್ತಿದ್ದೆ. ಉಳಿಯುತ್ತಿದ್ದನೋ ಇಲ್ಲವೋ, ಡಾಕ್ಟರರು ಕಷ್ಟವಿತ್ತು ಅಂದರು. ಆದರೆ ಅವನು ನಿನ್ನ ಮುಖ ನೋಡಿ ಹೋಗುತ್ತಿದ್ದ.

ಅಂದು ರಾತ್ರಿ ನೀನು, ‘ಅವ್ವಾ, ಮಧ್ಯಾಹ್ನ ಮನಿಗೆ ಯಾರದರೆ ಫೋನ್ ಬಂದಿತ್ತೇನ್ರಿ?’ ಎಂದು ಕೇಳಿದೆ. ಇಲ್ಲ ಅಂದೆ. ಅದು ಸುಳ್ಳಾಗಿರಲಿಲ್ಲ, ನನ್ನಾಣೆ. ಬಾಪುವಿನ ಸುದ್ದಿ ಹೇಳುವ ಫೋನು ಯಾವುದೂ ಬಂದಿರಲಿಲ್ಲ ಎಂದೇ ನಾನು ತಿಳಿದಿದ್ದೆ. ಸುಳ್ಳು ಶುರುವಾದದ್ದು ಹನ್ನೊಂದನೆಯ ದಿನ. ಆಸ್ಪತ್ರೆಯವರ ಉತ್ತರವನ್ನು ನೀನು ಗಟ್ಟಿಯಾಗಿ ಓದಿದೆ. ಫೋನು ಹೋದದ್ದಕ್ಕೆ ದಾಖಲೆ ಇದೆ, ಎತ್ತಿದ ವೃದ್ಧ ಮಹಿಳೆಯೊಬ್ಬರು ‘ಅವರು ಹನ್ನೆರಡು ವರ್ಷದ ಹಿಂದೆಯೇ ತೀರಿಕೊಂಡರು’ ಎಂದು ಹೇಳಿದರು, ಎಂದಿತ್ತು. ನೀನು ಆ ಕಾಗದ ಬಿಸಾಡಿ, ‘ನೋಡ್ರಿ ಅವ್ವಾ, ತಮ್ಮ ತಪ್ಪು ಮುಚ್ಚಿಕೊಳ್ಳಾಕ ನನ್ನ ಗಂಡನ್ನ ಹನ್ನೆರಡು ವರ್ಷದ ಹಿಂದನ ಸಾಯಿಸ್ಯಾರ’ ಅಂದೆ. ನನಗೆ ಆ ಕ್ಷಣಕ್ಕೆ ಎಲ್ಲ ತಿಳಿಯಿತು. ಗೋಡೆ ಹಿಡಿದೆ. ನೀನು ನನ್ನನ್ನು ಹಿಡಿದು ಕೂಡಿಸಿದೆ, ನೀರು ಕುಡಿಸಿದೆ. ಪಾಪ, ಮಗನ ದುಃಖ ಎಂದು ನೀನು ಅಂದುಕೊಂಡೆ.

ಆಮೇಲೆ ರಾಜೀವ ಹೇಳಿಕೆ ಬರೆದು ತಂದ. ಆಸ್ಪತ್ರೆಯಿಂದ ನಮ್ಮೊಂದಿಗೆ ಯಾರೂ ಮಾತಾಡಿಲ್ಲ ಎಂದು ಅದರಲ್ಲಿತ್ತು. ಕನ್ನಡಕ ಹಾಕಿಕೊಂಡು, ಎರಡು ಸಲ ಓದಿ, ಚಂದವಾಗಿ ಸಹಿ ಮಾಡಿದೆ. ನಿನ್ನನ್ನು ಬಿಟ್ಟರೆ ನನಗೆ ಯಾರೂ ಇಲ್ಲ. ನಿನಗೆ ತಿಳಿದರೆ ಶಮಂತನನ್ನು ಕರೆದುಕೊಂಡು ಹೊರಟುಹೋಗುತ್ತೀ ಎಂಬ ಅಂಜಿಕೆಯೊಂದೇ ಇತ್ತು. ಬೇರೆಯವರ ಮಗಳ ನೌಕರಿ ಹೋದರೆ ಹೋಗಲಿ ಅಂದುಕೊಂಡೆ. ಹೌದು, ಹಾಗೆಯೇ ಅಂದುಕೊಂಡೆ.

ಹೋದ ತಿಂಗಳು ಮೊದಲ ವಿಚಾರಣೆಗೆ ನನ್ನನ್ನೂ ಕರೆದೊಯ್ದಿದ್ದೆ, ನೆನಪಿದೆಯಲ್ಲ. ನೀನು ಒಳಗೆ ಹೋದೆ. ನಾನು ಹೊರಗೆ ಬೆಂಚಿನ ಮೇಲೆ ಕೂತು ಅಲ್ಲಿಯ ಕೆಲಸದ ಮಾವಶಿಗೆ ನೀರು ಕೇಳಿದೆ. ಆಚೆ ಬೆಂಚಿನ ಹುಡುಗಿ ತಟ್ಟನೆ ತಿರುಗಿದಳು. ಬಡಕಲು ಹುಡುಗಿ, ಕೈಯಲ್ಲಿ ಪ್ಲಾಸ್ಟಿಕ್ ಫೈಲು. ನನ್ನ ದನಿ ಅವಳಿಗೆ ಗುರುತು ಹತ್ತಿತ್ತು. ಅವಳ ದನಿ ಕೇಳಿದ ಕೂಡಲೇ ನನಗೂ ಹತ್ತಿತು, ಅವಳೇ ಹರ್ಷದಾ. ಒಳಗೆ ಹೋಗಿ ಕೂಗಿ ಹೇಳಬಹುದಿತ್ತು ಅವಳು. ಬದಲಿಗೆ ತಾನೇ ಎದ್ದು ನೀರು ತಂದು ಕೊಟ್ಟು ನನ್ನ ಪಕ್ಕ ಕೂತಳು. ಆ ಬುಧವಾರ ಬಾಪುವನ್ನು ಮೂರು ಸಲ ಹೋಗಿ ನೋಡಿ ಬಂದಿದ್ದಳಂತೆ. ಆಮೇಲೆ ಮೆಲ್ಲಗೆ ಮರಾಠಿಯಲ್ಲಿ ಒಂದು ಮಾತು ಹೇಳಿದಳು. ನಾನು ಇಲ್ಲಿಯವರೆಗೆ ಬರೆದದ್ದೆಲ್ಲ ಆ ಒಂದು ಮಾತಿಗಾಗಿ.

ಅವನ ಮೊಬೈಲು ಒಡೆದುಹೋಗಿತ್ತು, ಬಾಯಿಪಾಠವಿದ್ದದ್ದು ಮನೆಯ ನಂಬರೊಂದೇ. ಹೆಸರೇನು ಎಂದು ಕೇಳಿದಾಗ ಅವನು ಮೊದಲು ‘ಬಾಪು’ ಅಂದನಂತೆ. ‘ನಾನೇ ಅವರಿಗೆ ಹಾಗಲ್ಲ, ಪೂರ್ತಿ ಹೆಸರು ಹೇಳಿ, ಫಾರ್ಮಿಗೆ ಬೇಕು ಅಂದೆ, ಆಜಿ. ಆಗ ಇನ್ನೊಂದು ಹೆಸರು ಹೇಳಿದರು’ ಅಂದಳು. ಅಂದು ಅವನು ಹೇಳಿದ ಮೊದಲಿನ ಹೆಸರನ್ನೇ ಫೋನಿನಲ್ಲಿ ಹೇಳಿದ್ದರೆ ನೀವು ಬರುತ್ತಿದ್ದಿರಿ ಅಲ್ಲವೇ ಎಂದು ಕೇಳಿ ಅತ್ತಳು. ತಪ್ಪು ತನ್ನದು ಎಂದು ಆ ಹುಡುಗಿ ತಿಳಿದಿದ್ದಾಳೆ. ನಾನು ಲೋಟ ತಿರುಗಿ ಕೊಟ್ಟೆ, ಅಷ್ಟೇ. ಮೂವತ್ತೊಂದು ವರ್ಷ ಶಾಲೆಗೆ ಮಕ್ಕಳನ್ನು ಸೇರಿಸಿಕೊಳ್ಳುವಾಗ ಪ್ರತಿ ತಾಯಿಗೂ ನಾನು ಹೇಳಿದ್ದು ಅದನ್ನೇ. ‘ಮನಿ ಹೆಸರು ಬ್ಯಾಡ್ರಿ, ಖರೇ ಹೆಸರು ಹೇಳ್ರಿ.’

ನಾಳೆ ಹನ್ನೊಂದಕ್ಕೆ ನಾನೂ ಬರುತ್ತೇನೆ. ನೀನು ಕಾರಿನಲ್ಲಿ ಕೂಡಿಸಿಕೊಳ್ಳದಿದ್ದರೆ ರಿಕ್ಷಾ ಹಿಡಿದು ಬರುತ್ತೇನೆ. ರಾಜೀವ ತಡೆದರೂ ಬರುತ್ತೇನೆ. ನನ್ನ ಸಹಿ ಸುಳ್ಳು ಎಂದು ಹೇಳಿ, ಆ ಹುಡುಗಿಗೆ ಅಲ್ಲೇ ಕೈ ಮುಗಿಯುವವಳಿದ್ದೇನೆ. ನೀನು ಅದನ್ನು ಮೊದಲ ಸಲ ಅಲ್ಲಿ ಕೇಳುವುದು ಬೇಡ ಎಂದು ಈ ಪತ್ರ. ನಾಲ್ಕು ತಿಂಗಳಿಂದ ನೀನು ಸಿಟ್ಟು ಮಾಡಿದ್ದು ತಪ್ಪಿಲ್ಲದವಳ ಮೇಲೆ. ಇನ್ನು ನನ್ನ ಮೇಲೆ ಮಾಡು. ಬೇಗ ಕ್ಷಮಿಸಬೇಡ, ವಯಸ್ಸಾದವಳು ಎಂದು ರಿಯಾಯಿತಿಯನ್ನೂ ಕೊಡಬೇಡ. ಹೊರಟುಹೋಗುವುದಾದರೆ ಶಮಂತನ ಪರೀಕ್ಷೆ ಮುಗಿಯುವವರೆಗೆ ತಡೆ, ಇಷ್ಟೇ ಕೇಳುವುದು.

ನಿನಗೂ ನಿನ್ನ ಮಗನಿಗೂ ದೇವರು ತುಂಬು ಆಯುಷ್ಯ ಕೊಡಲಿ. ನನ್ನ ಆಶೀರ್ವಾದ ನಿನಗೆ ಈಗ ಬೇಡವೆನಿಸಿದರೂ ಅದು ನಿನ್ನ ಮೇಲೆಯೇ ಇರುತ್ತದೆ. ‘ನಿನ್ನ ಅವ್ವ’ ಎಂದು ಬರೆಯಲು ಕೈ ಏಳುತ್ತಿಲ್ಲ. ಬಾಗಿಲ ಆಚೆಯಿಂದ ನೀನು ಹಾಗೆ ಕರೆದರೆ ಎದ್ದು ಬಂದು ಬರೆಯುತ್ತೇನೆ. ಅಲ್ಲಿಯವರೆಗೆ,

ರಂಗೂಬಾಯಿ