ಚಾನ್ಸ್ ಚೆನ್ನಾಗಿದೆ

ಮೋಡದ ಮಾವನವರಿಗೆ ನಮಸ್ಕಾರ.

ಸಿಡಿಲಿನ ಫೋಟೊ ತೆಗೆಯುವವರ ನಿಮ್ಮ ವಾಟ್ಸಾಪ್ ಗುಂಪಿನಲ್ಲಿ ಎಲ್ಲರೂ ಹಾಗೆ ಕರೆಯುವುದರಿಂದ ನಾನೂ ಕರೆದೆ, ಬೇಸರ ಮಾಡಿಕೊಳ್ಳಬೇಡಿ. ನೀವೆಲ್ಲ ಗುಡುಗಿನ ಆಸೆಗೆ ಗುಂಪು ಸೇರಿದವರು, ನಾನು ಭಯಕ್ಕೆ. ಗುಡುಗಿದರೆ ನಮ್ಮ ಬೀದಿಯಲ್ಲಿ ಕರೆಂಟು ಹೋಗುತ್ತದೆ, ಮಗಳಿಗೆ ಆಕ್ಸಿಜನ್ ಕೊಡುವ ಯಂತ್ರ ನಿಲ್ಲುತ್ತದೆ. ಅದರ ಬ್ಯಾಟರಿಯನ್ನು ನಂಬುವ ಹಾಗಿಲ್ಲ.

ಮೊದಮೊದಲು "ನಾಳೆ ಚಾನ್ಸ್ ಚೆನ್ನಾಗಿದೆ" ಎಂದು ನೀವು ಬರೆದದ್ದನ್ನು ಓದಿ, ಪೆದ್ದಿ ನಾನು, ಆಕಾಶ ತಿಳಿಯಾಗಿರುತ್ತದೆ ಅಂದುಕೊಂಡು ನಿಶ್ಚಿಂತೆಯಾಗಿದ್ದೆ. ನಿಮ್ಮಲ್ಲಿ ಚೆನ್ನಾಗಿದೆ ಎಂದರೆ ಸಿಡಿಲು ಎಂದು ಗೊತ್ತಾಗುವಷ್ಟರಲ್ಲಿ ಮಗಳ ತುಟಿ ನೀಲಿಗಟ್ಟಿತ್ತು.

ನಾಳೆಯೂ ಚಾನ್ಸ್ ಚೆನ್ನಾಗಿದೆಯಂತೆ. "ಮಾವ, ಈ ಸಲ ಕೈಕೊಡಲ್ಲ ತಾನೆ?" ಎಂದು ಗುಂಪಿನಲ್ಲಿರುವ ಬೇಕರಿಯವರು ಕೇಳಿದ್ದಕ್ಕೆ "ಕೈಕೊಟ್ರೆ ಮೀಸೆ ಬೋಳಿಸ್ಕೋತೀನಿ ಕಣಯ್ಯಾ" ಎಂದಿರಿ. ಎಲ್ಲರೂ ನಕ್ಕರು. ನಾನು ನಿಮ್ಮ ಮೀಸೆ ಹೋಗಲಿ ಎಂದು ಬೇಡಿಕೊಂಡೆ.

ಆಸ್ಪತ್ರೆಯಲ್ಲಿ ವಿಚಾರಿಸಿದೆ. "ಮೋಡ ನೋಡಿ ಅಡ್ಮಿಟ್ ಮಾಡ್ಕೊಳ್ಳೋಕಾಗಲ್ಲಮ್ಮ" ಎಂದರು. ನಮ್ಮವರು "ಸುಮ್ನೆ ಮಲ್ಕೋ, ಆಗೋದು ಆಗುತ್ತೆ" ಎಂದು ಗೋಡೆಯ ಕಡೆ ತಿರುಗುತ್ತಾರೆ. ಅವರಿಗೂ ನಿದ್ದೆ ಬರುವುದಿಲ್ಲ.

ನೀವಿರುವುದು ಊರಿನ ಪಡುವಣ ತುದಿಯಲ್ಲಿ. ಮೋಡ ನಿಮ್ಮ ತಾರಸಿಯನ್ನು ದಾಟಿಯೇ ನಮ್ಮಲ್ಲಿಗೆ ಬರುತ್ತದೆ. ಮೊದಲ ಗುಡುಗು ಕೇಳಿದಾಗ, ಫೋಟೊ ತೆಗೆಯುವ ಮುಂಚೆ, ನನಗೊಂದು ಫೋನ್ ಮಾಡುತ್ತೀರಾ? ನಂಬರು ಕೆಳಗಿದೆ. ಆಸ್ಪತ್ರೆಯಲ್ಲಿ ಜನರೇಟರ್ ಇದೆ, ವರಾಂಡದಲ್ಲಿ ಚಪ್ಪಲಿ ಬಿಡುವ ಜಾಗದ ಹತ್ತಿರ ಒಂದು ಪ್ಲಗ್ ಇದೆ. ಮಗಳನ್ನು ಯಂತ್ರದ ಸಮೇತ ಕರೆದೊಯ್ದು, ಕಾವಲಿನವರು ಎಬ್ಬಿಸುವವರೆಗೆ ಅಲ್ಲಿ ಕೂತಿರುತ್ತೇವೆ.

ಇಂತಿ,
ಗುಂಪಿನಲ್ಲಿ ಒಮ್ಮೆಯೂ ಮಾತಾಡದ
ಒಬ್ಬ ತಾಯಿ