ದಂಟು ಬೀಜ ಬಲಿಯದೆ ಕೀಳುವುದಿಲ್ಲ

೧೮ ಆಗಸ್ಟ್ ೨೦೦೭

ಇಲ್ಲಿಯ ನಗರಸಭೆಯಾದ ಕಮ್ಯೂನಿನ ಉದ್ಯಾನ ವಿಭಾಗದ ಮುಖ್ಯಸ್ಥರೇ,

ನಮ್ಮ ಚಿಕ್ಕಮ್ಮ ಜಾನಕಿಯವರು ಸಮುದಾಯ ತೋಟದ ಹದಿನೇಳನೇ ತುಂಡನ್ನು ‘ಪಾಳು ಬಿಟ್ಟಿದ್ದಾರೆ’ ಎಂದು ನೀವು ನೋಟಿಸ್ ಕಳಿಸಿದ್ದೀರಿ. ಆಗಸ್ಟ್ ಮೂವತ್ತೊಂದರೊಳಗೆ ಎಲ್ಲವನ್ನೂ ಕಿತ್ತು ನೆಲ ಸಾಫು ಮಾಡಬೇಕು, ಇಲ್ಲವಾದರೆ ತುಂಡು ಬೇರೆಯವರ ಪಾಲು. ಕೀಳುವುದಿಲ್ಲ ಎಂದು ತಿಳಿಸಲು ಈ ಪತ್ರ. ಸ್ವೀಡಿಷ್ ಪ್ರತಿ ನಿಮ್ಮ ಟಪಾಲಿನಲ್ಲಿದೆ. ಇದು ನಮ್ಮ ಕನ್ನಡ ಕೂಟದವರೂ ಓದಲೆಂದು.

ನಿಮ್ಮ ಅಧಿಕಾರಿ ಕಳೆ ಎಂದು ಬರೆದುಕೊಂಡ ಆಳೆತ್ತರದ ಕೆಂಪು ಗಿಡದ ಹೆಸರು ದಂಟು. ಬೇಸಿಗೆಯೆಲ್ಲ ಅದರ ಸೊಪ್ಪು ನಮ್ಮ ಸಾರಿಗೆ, ಕೊನೆಯ ಒಂದು ಸಾಲು ಮಾತ್ರ ಬೀಜಕ್ಕೆ. ಎಂಟು ವರ್ಷದ ಹಿಂದೆ ತುಮಕೂರಿನಿಂದ ತಂದ ಬೀಜ ಬಿತ್ತಿದಾಗ, ಇಲ್ಲಿಯ ಮುಗಿಯದ ಹಗಲಿಗೆ ಗಿಡಗಳು ಎಲೆ ಬಿಡುತ್ತಲೇ ಹೋದವು. ಹಿಮ ಬೀಳುವ ಮುನ್ನ ಬೀಜ ಕಟ್ಟಿದ್ದು ಒಂದೇ ಒಂದು ಗಿಡ. ಮರುವರ್ಷ ಅದರ ಬೀಜ ಬಿತ್ತಿ, ಅದರಲ್ಲೂ ಮೊದಲು ಬಲಿತದ್ದನ್ನು ಆರಿಸಿ, ಹೀಗೆ ವರ್ಷ ವರ್ಷವೂ ಈ ನೆಲಕ್ಕೆ ಒಗ್ಗಿಸಿದ ತಳಿ ಇದು. ಡಬ್ಬದಲ್ಲಿ ಉಳಿದಿದ್ದ ಬೀಜಕ್ಕೆ ಈ ಸಲ ಬೂಷ್ಟು ಹಿಡಿದಿದೆ. ಸೆಪ್ಟೆಂಬರ್ ಮೂರನೇ ವಾರಕ್ಕೆ ಮುಂಚೆ ಈ ಸಾಲು ಕಿತ್ತರೆ ಅಲ್ಲಿಗೆ ಮುಗಿಯಿತು. ಇದು ಪಾಳೇ? ನಿಮ್ಮ ನಿಯಮಾವಳಿಯ ಯಾವ ಕಲಮಿನ ಪ್ರಕಾರ?

ಪಕ್ಕದ ತುಂಡಿನ ಬಿರ್ಗಿತ್, ನಮ್ಮ ತೋಟಗಾರರ ಸಂಘದ ಅಧ್ಯಕ್ಷೆ, ಕೇಳಿದ್ದೂ ಅದನ್ನೇ: “ನನ್ನ ಸಬ್ಬಸಿಗೆಯೂ ಬೀಜಕ್ಕೆ ನಿಂತಿದೆಯಲ್ಲ, ನನಗೇಕೆ ಕಾಗದ ಬರಲಿಲ್ಲ?” ಬರುವುದಿಲ್ಲ. ಸಬ್ಬಸಿಗೆಯ ಆ ಬೀಜದ ಗೊಂಚಲು ಹಾಕಿ ಬೇಯಿಸದಿದ್ದರೆ, ಸಿಹಿನೀರ ಸೀಗಡಿಯಂಥ ಕ್ರೇಫಿಷ್‌ನ ಆಗಸ್ಟಿನ ಔತಣ ನಿಮಗೆ ರುಚಿಸುವುದಿಲ್ಲ. ನೀವು ತಿನ್ನುವ ಗಿಡ ಬೀಜಕ್ಕೆ ಬಂದರೆ ಹಬ್ಬ, ನಾವು ತಿನ್ನುವುದು ಬಂದರೆ ಪಾಳು. ಎಂಥ ಸಸ್ಯಶಾಸ್ತ್ರ!

ಇನ್ನು ಎರಡನೆಯ ಆರೋಪ: ‘ತಪಾಸಣಾಧಿಕಾರಿಗೆ ಉಡುಗೊರೆ ನೀಡುವ ಯತ್ನ’. ಅಂದು ನಾನು ಅಲ್ಲಿಯೇ ಇದ್ದೆ. ಬಂದವರನ್ನು ಬರಿಗೈಲಿ ಕಳಿಸಿ ಗೊತ್ತಿಲ್ಲದ ಚಿಕ್ಕಮ್ಮ, ಎಳೆ ದಂಟಿನ ಒಂದು ಕಟ್ಟನ್ನು ಅವರ ಕೈಗಿಟ್ಟರು. ನಿಮ್ಮ ಅಧಿಕಾರಿ ಅದು ಕಚ್ಚೀತೆಂಬಂತೆ ಬೇಲಿಯ ಮೇಲಿಟ್ಟು ಪೆನ್ನು ತೆಗೆದರು. ನಾನು ಬಾಯಿ ಬಿಡಲಿಲ್ಲ.

ನೋಟಿಸ್ ಓದಿ ಹೇಳಿದಾಗ ಚಿಕ್ಕಮ್ಮ ಜೋರಾಗಿ ನಕ್ಕರು. “ಸೊಪ್ಪು ಕೊಟ್ರೆ ಲಂಚವೇನೇ? ಹಂಗಾದ್ರೆ ಇಡೀ ಬಿಲ್ಡಿಂಗಿಗೇ ಲಂಚ ಕೊಟ್ಟಿದೀನಿ ಕಣೇ, ಸೆಕೆಂಡ್ ಫ್ಲೋರಿನ ಮೊಲಕ್ಕೂ!” ಆಮೇಲೆ ಮೆಲ್ಲಗೆ ಕೇಳಿದರು: “ಹಾಗಾದ್ರೆ ಕಿತ್ತು ಹಾಕ್ಬೇಕಾ, ನಿವಿ?”

ಬೇಕಿಲ್ಲ. ಮೊನ್ನೆಯ ಸಭೆಯಲ್ಲಿ ಇಪ್ಪತ್ತೆರಡು ತುಂಡಿನವರೂ ಕೈ ಎತ್ತಿ ತೀರ್ಮಾನಿಸಿದ್ದೇವೆ. ನೋಟಿಸನ್ನು ಹಿಂದಕ್ಕೆ ಪಡೆಯಿರಿ. ಉಡುಗೊರೆಯ ಸಾಲನ್ನು ಕಡತದಿಂದ ಹೊಡೆದುಹಾಕಿ. ಬೀಜಕ್ಕೆ ಬಿಟ್ಟ ಬೆಳೆ ಪಾಳಲ್ಲವೆಂದು ಬರೆದುಕೊಡಿ. ಅಲ್ಲಿಯವರೆಗೆ ತೋಟದ ಗೇಟಿನ ಕೀಲಿ ನಿಮ್ಮ ಕಚೇರಿಗೆ ಸಿಗುವುದಿಲ್ಲ. ಮೂವತ್ತೊಂದಕ್ಕೆ ಆಳು ಕಳಿಸುವುದಾದರೆ ಕಳಿಸಿ. ಬೆಳಿಗ್ಗೆ ಏಳರಿಂದಲೇ ನಾವೆಲ್ಲ ಆ ಸಾಲಿನ ಸುತ್ತ ನಿಂತಿರುತ್ತೇವೆ.

ಇಂತಿ,
ಅಂದೇ ಮಾತಾಡಬೇಕಿದ್ದ, ಇಂದು ಬರೆಯುತ್ತಿರುವ
ನಿವೇದಿತಾ