ಟ್ಯಾಂಕಿಗೆ ಒಡೆದ ಕಾಯಿ

ಮಸ್ಕತ್, ಜೈಲಿನಿಂದ

ಪ್ರೀತಿಯ ದಾಮೋದರಣ್ಣ,

ನಾನು ಆರೋಗ್ಯ. ಊಟ ಸರಿಯಿದೆ. ನೀನಿನ್ನು ವಕೀಲರಿಗೆ ಫೋನ್ ಮಾಡಬೇಡ, ಖಲಾಸ್.

ಮತ್ರಾದ ಶೆಡ್ಡಿನಲ್ಲಿ ನಾನು ಫೈಬರಿನಿಂದ ಮಾಡಿದ್ದು ಡೀಸೆಲ್ ಟ್ಯಾಂಕ್ ಅಂತಲೇ ಕೋರ್ಟಿನಲ್ಲಿ ಹೇಳಿದ್ದೆವು. ವೀಸಾ ಕೊಟ್ಟು ಕೆಲಸಕ್ಕೆ ಕರೆಸಿಕೊಂಡ ಆ ಬೇವರ್ಸಿ ಕಫೀಲ್ ನನಗೂ ಹಾಗೆಯೇ ಹೇಳಿದ್ದ. ಆದರೆ ಅದಕ್ಕೆ ಮೂತಿ ಬಂದ ದಿನವೇ ಅದು ನೀರಿನಡಿ ಹೋಗುವ ದೋಣಿ ಅಂತ ನನಗೆ ಗೊತ್ತಾಗಿತ್ತು. ಆಮೇಲೆ ಅದು ಸಮುದ್ರದಲ್ಲಿ ಸಿಕ್ಕಿಬಿತ್ತು. ಒಳಗೆ ಕಳ್ಳಮಾಲು ಸಿಗದಿದ್ದರೂ, ನೋಂದಣಿಯಿಲ್ಲದ ಅಂಥದ್ದನ್ನು ತಿಳಿದೂ ಕಟ್ಟಿದವನಿಗೆ ಶಿಕ್ಷೆಯಂತೆ.

ಗೊತ್ತಿರಲಿಲ್ಲ ಅನ್ನುವುದೊಂದೇ ದಾರಿ ಇತ್ತು. ಆಗ ನನ್ನ ಫೋನಿನ ಫೋಟೋ ತೋರಿಸಿದರು. ನಿನಗೆ ಕಳಿಸಿದ್ದೆನಲ್ಲ, ಅದೇ. ಮೂತಿಗೆ ಕುಂಕುಮ, ರೂವಿ ಪೇಟೆಯಿಂದ ತಂದ ಮಲ್ಲಿಗೆ, ಒಡೆದ ಕಾಯಿ. ಯಾವ ದೋಣಿಯನ್ನೂ ಬರಿದೇ ನೀರಿಗಿಳಿಸಬಾರದು ಅಂತ ಅಪ್ಪ ಹೇಳುತ್ತಿದ್ದರಲ್ಲ, ಬೇಡವೆಂದರೂ ಕೈ ಕೇಳಲಿಲ್ಲ.

“ನಿಮ್ಮೂರಲ್ಲಿ ಟ್ಯಾಂಕಿಗೂ ಕಾಯಿ ಒಡೆಯುತ್ತಾರಾ?” ಅಂತ ಜಡ್ಜ್ ದುಭಾಷಿಯ ಮೂಲಕ ಕೇಳಿದರು. ಅಷ್ಟು ಸುಳ್ಳು ಹೇಳಿದವನಿಗೆ ಇದೊಂದಕ್ಕೆ ಹೌದು ಅನ್ನಲಿಕ್ಕೆ ಬಾಯಿ ಬರಲಿಲ್ಲ.

ವಿನೋದಾ ನನಗಾಗಿ ಕಾಯದೆ ತವರಿಗೆ ಹೋಗುತ್ತೇನೆಂದರೆ ತಡೆಯಬೇಡ, ಅವಳಿಗಿನ್ನೂ ವಯಸ್ಸಿದೆ. ನನ್ನ ಉಳಿಗಳನ್ನು ಯಾರಿಗಾದರೂ ಕೊಟ್ಟುಬಿಡು, ಸುಮ್ಮನೆ ತುಕ್ಕು ಹಿಡಿಯುವುದು ಬೇಡ. ಮಲ್ಪೆಯಲ್ಲಿ ನಿನ್ನ ಹೊಸ ದೋಣಿ ಇಳಿಸುವಾಗ ತಪ್ಪದೆ ಕಾಯಿ ಒಡೆ. ನಾನು ಬರಲಿ ಅಂತ ಮಾತ್ರ ಒಡೆಯಬೇಡ.

ನಿನ್ನ ತಮ್ಮ,
ಗುರುವ